ಕಣ್ಣು ಮುಚ್ಚಿ ಕಲ್ಪಿಸಿಕೊಂಡರೆ ಸರ್ವ್ ಸುಧಾರಿಸುತ್ತದೆಯೇ? ಸತ್ಯ ಎಷ್ಟು, ಉತ್ಪ್ರೇಕ್ಷೆ ಎಷ್ಟು?

‘ಮೈದಾನಕ್ಕೆ ಹೋಗಬೇಕಿಲ್ಲ. ದಿನಾ ಕಣ್ಣು ಮುಚ್ಚಿ ಚೆನ್ನಾಗಿ ಆಡಿದಂತೆ ಕಲ್ಪಿಸಿಕೊಳ್ಳಿ, ಅಭ್ಯಾಸ ಮಾಡಿದಷ್ಟೇ ಫಲ ಸಿಗುತ್ತದೆ’ ಎಂಬ ಅರ್ಥದ ಸಂದೇಶಗಳು ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಆಗಾಗ ಬರುತ್ತವೆ. ಇದರಲ್ಲಿ ಅರ್ಧ ಸತ್ಯವಿದೆ. ಉಳಿದರ್ಧವನ್ನು ನಂಬಿದರೆ ನಷ್ಟವಾಗುವುದು ಆಡುವ ಮಕ್ಕಳಿಗೆ. ವಯಸ್ಸಿನ ಮಿತಿ ಇರುವ ಶಾಲಾ ಕ್ರೀಡಾಕೂಟದಲ್ಲಿ ಒಂದು ವರ್ಷ ಅಭ್ಯಾಸ ಬಿಟ್ಟರೆ ಆ ವರ್ಷ ಮತ್ತೆ ಬರುವುದಿಲ್ಲ.

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಕಡೆ ಟೆನಿಸ್ ಆಡುವವರಿಗಿಂತ ವಾಲಿಬಾಲ್ ಆಡುವವರೇ ಹೆಚ್ಚು. ಆದರೆ ಟೆನಿಸ್‌ನ ಸರ್ವ್ ಮತ್ತು ವಾಲಿಬಾಲ್‌ನ ಸರ್ವಿಸ್ ಒಂದೇ ಜಾತಿಯವು. ಎರಡರಲ್ಲೂ ಚೆಂಡು ನಿಮ್ಮ ಕೈಯಲ್ಲೇ ಇರುತ್ತದೆ, ಎದುರಾಳಿ ಅಡ್ಡ ಬರುವುದಿಲ್ಲ, ಯಾವಾಗ ಹೊಡೆಯಬೇಕೆಂದು ನೀವೇ ನಿರ್ಧರಿಸುತ್ತೀರಿ. ಹೊಡೆಯುವ ಮುನ್ನ ಮನಸ್ಸಿನಲ್ಲಿ ಚಿತ್ರ ಕಟ್ಟಿಕೊಳ್ಳಲು ಸಮಯ ಸಿಗುವ ಹೊಡೆತ ಇದು. ಹಾಗಾಗಿ ಮುಂದೆ ಹೇಳುವ ಮಾತು ಎರಡೂ ಆಟದವರಿಗೆ ಉಪಯೋಗಕ್ಕೆ ಬರುತ್ತದೆ.

ಸಂದೇಶದಲ್ಲಿ ಏನಿದೆ?

ಹೆಚ್ಚು ಸುತ್ತುವ ಕಥೆ ಬಾಸ್ಕೆಟ್‌ಬಾಲ್‌ನದು. ಷಿಕಾಗೋದಲ್ಲಿ ಆಟಗಾರರನ್ನು ಮೂರು ಗುಂಪು ಮಾಡಿದರಂತೆ. ನಿಜವಾಗಿ ಅಭ್ಯಾಸ ಮಾಡಿದವರು ಶೇ 24ರಷ್ಟು, ಬರೀ ಕಲ್ಪಿಸಿಕೊಂಡವರು ಶೇ 23ರಷ್ಟು ಸುಧಾರಿಸಿದರಂತೆ. ಏನೂ ಮಾಡದವರು ಇದ್ದಲ್ಲೇ ಉಳಿದರಂತೆ. ಈ ಸಂದೇಶದಲ್ಲಿ ಸಂಶೋಧನಾ ಪತ್ರಿಕೆಯ ಹೆಸರಾಗಲಿ, ಸಂಚಿಕೆಯಾಗಲಿ ಇರುವುದಿಲ್ಲ. ಅದಕ್ಕಿಂತ ಮುಖ್ಯವಾಗಿ, ಈ ವಿಷಯದ ಮೇಲೆ ನಡೆದ ದೊಡ್ಡ ವಿಮರ್ಶೆಗಳು ಹೇಳುವುದೇ ಬೇರೆ.

ವಿಜ್ಞಾನ ಏನು ಹೇಳುತ್ತದೆ?

1994ರಲ್ಲಿ ಡ್ರಿಸ್ಕೆಲ್, ಕಾಪರ್ ಮತ್ತು ಮೊರಾನ್ ಎಂಬ ಸಂಶೋಧಕರು ಅಲ್ಲಿಯವರೆಗಿನ ಹಲವು ಪ್ರಯೋಗಗಳನ್ನು ಒಟ್ಟುಗೂಡಿಸಿ ಲೆಕ್ಕ ಹಾಕಿದರು. ಮನಸ್ಸಿನಲ್ಲಿ ಮಾಡುವ ಅಭ್ಯಾಸದಿಂದ ಲಾಭವಿದೆ, ಆದರೆ ನಿಜವಾದ ಅಭ್ಯಾಸದಷ್ಟಿಲ್ಲ ಎಂದು ಕಂಡುಬಂತು. ಅಭ್ಯಾಸ ನಿಲ್ಲಿಸಿದರೆ ಆ ಲಾಭ ಸುಮಾರು ಎರಡು ವಾರಗಳಲ್ಲಿ ಅರ್ಧಕ್ಕೆ ಇಳಿಯುತ್ತದೆ ಎಂದೂ ಗೊತ್ತಾಯಿತು.

2004ರಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡ್ ಕ್ಲಿನಿಕ್‌ನ ತಂಡವೊಂದು ಪ್ರಕಟಿಸಿದ ಪ್ರಯೋಗ ಇನ್ನೂ ಕುತೂಹಲದ್ದು. ದಿನಕ್ಕೆ 15 ನಿಮಿಷ, ವಾರಕ್ಕೆ 5 ದಿನದಂತೆ 12 ವಾರ ಕಿರುಬೆರಳನ್ನು ಜೋರಾಗಿ ಚಲಿಸಿದಂತೆ ಬರೀ ಕಲ್ಪಿಸಿಕೊಂಡವರ ಬೆರಳಿನ ಬಲ ಶೇ 35ರಷ್ಟು ಹೆಚ್ಚಿತು. ನಿಜವಾಗಿ ವ್ಯಾಯಾಮ ಮಾಡಿದವರದು ಶೇ 53ರಷ್ಟು ಹೆಚ್ಚಿತು. ಫಾರ್ವರ್ಡ್‌ಗಳು ಮೊದಲ ಸಂಖ್ಯೆಯನ್ನು ಹೇಳಿ ಎರಡನೆಯದನ್ನು ಬಿಟ್ಟುಬಿಡುತ್ತವೆ. ಪ್ರತಿ ಗುಂಪಿನಲ್ಲಿದ್ದವರು ಹತ್ತಕ್ಕಿಂತ ಕಡಿಮೆ ಜನ ಎಂಬುದನ್ನೂ ಹೇಳುವುದಿಲ್ಲ.

ಕಲ್ಪನೆ ಕೆಲಸ ಮಾಡುವುದಾದರೂ ಹೇಗೆ? ಒಂದು ಚಲನೆಯನ್ನು ಕಲ್ಪಿಸಿಕೊಂಡಾಗ, ಆ ಚಲನೆಯನ್ನು ಯೋಜಿಸುವ ಮೆದುಳಿನ ಭಾಗಗಳಲ್ಲಿ ಹಲವು ನಿಜವಾಗಿಯೂ ಚುರುಕಾಗುತ್ತವೆ. ಹಾಗಾಗಿ ಚಲನೆಯ ಕ್ರಮ ಗಟ್ಟಿಯಾಗುತ್ತದೆ. ಆದರೆ ಚೆಂಡು ಹೊರಗೆ ಬಿತ್ತೋ ನೆಟ್‌ಗೆ ತಗುಲಿತೋ ಎಂದು ಕಲ್ಪನೆ ಹೇಳುವುದಿಲ್ಲ. ತಪ್ಪು ತಿದ್ದುವ ಆ ಪಾಠ ಅಂಗಳದಲ್ಲೇ ಸಿಗಬೇಕು. ದಮ್ಮು, ಭುಜದ ತಾಳಿಕೆ, ಕಾಲಿನ ಕಸುವು ಕೂಡ ಕುಳಿತಲ್ಲಿ ಬರುವುದಿಲ್ಲ.

ಟೆನಿಸ್ ಸರ್ವ್ ಮೇಲೇ ನಡೆದ ಪ್ರಯೋಗ

2013ರಲ್ಲಿ ಫ್ರಾನ್ಸ್‌ನ ಸಂಶೋಧಕರು ಉತ್ತಮ ಮಟ್ಟದ 12 ಯುವ ಟೆನಿಸ್ ಆಟಗಾರರ ಮೇಲೆ ಮಾಡಿದ ಅಧ್ಯಯನ ಪ್ರಕಟವಾಯಿತು. ಮೊದಲು ಮಾಮೂಲಿ ತರಬೇತಿಯ ಫಲ ಅಳೆದರು. ಆಮೇಲೆ ತರಬೇತಿಯ ಜೊತೆಗೆ ಕಲ್ಪನೆಯನ್ನೂ ಸೇರಿಸಿದರು. ಆಟಗಾರರು ಕಲ್ಪಿಸಿಕೊಂಡಿದ್ದು ತಮ್ಮ ಕೈಕಾಲನ್ನಲ್ಲ. ಚೆಂಡು ಹೋಗುವ ದಾರಿಯನ್ನು, ನೆಟ್‌ನ ಮೇಲೆ ಅದು ದಾಟಬೇಕಾದ ಜಾಗವನ್ನು. ಸರ್ವ್‌ನ ಗುರಿ, ವೇಗ ಎರಡೂ ಸುಧಾರಿಸಿದವು. ಪಂದ್ಯದಲ್ಲಿ ಮೊದಲ ಸರ್ವ್ ಒಳಗೆ ಬೀಳುವುದೂ ಹೆಚ್ಚಾಯಿತು. ಇವರು ತರಬೇತಿ ಬಿಟ್ಟು ಕಲ್ಪಿಸಿಕೊಂಡವರಲ್ಲ, ತರಬೇತಿಯ ಜೊತೆಗೆ ಕಲ್ಪಿಸಿಕೊಂಡವರು ಎಂಬುದನ್ನು ಗಮನಿಸಿ.

ದೊಡ್ಡ ಆಟಗಾರರು ಮಾಡುತ್ತಾರಲ್ಲ?

ಮಾಡುತ್ತಾರೆ. ಈಜುಗಾರ ಮೈಕಲ್ ಫೆಲ್ಪ್ಸ್ ಮಲಗುವ ಮುನ್ನ ಇಡೀ ಸ್ಪರ್ಧೆಯನ್ನು, ಅದರಲ್ಲಿ ಆಗಬಹುದಾದ ಎಡವಟ್ಟುಗಳನ್ನೂ ಸೇರಿಸಿ ಮನಸ್ಸಿನಲ್ಲಿ ಓಡಿಸುತ್ತಿದ್ದರು. 2008ರ ಬೀಜಿಂಗ್ ಒಲಿಂಪಿಕ್ಸ್‌ನ 200 ಮೀಟರ್ ಬಟರ್‌ಫ್ಲೈನಲ್ಲಿ ಅವರ ಕನ್ನಡಕದೊಳಗೆ ನೀರು ತುಂಬಿ ಏನೂ ಕಾಣಲಿಲ್ಲ. ಕೈ ಬೀಸುವುದನ್ನು ಎಣಿಸುತ್ತಾ ಈಜಿ ವಿಶ್ವದಾಖಲೆಯೊಂದಿಗೆ ಚಿನ್ನ ಗೆದ್ದರು. ಆ ಎಣಿಕೆ ಬಂದದ್ದು ವರ್ಷಗಟ್ಟಲೆ ನೀರಿನಲ್ಲಿ ಈಜಿದ್ದರಿಂದ.

ನಮ್ಮ ಕೊಡಗಿನ ರೋಹನ್ ಬೋಪಣ್ಣ ಅವರ ಬಲವೇ ಬಿರುಸಾದ ಸರ್ವ್ ಆಗಿತ್ತು. 2024ರ ಜನವರಿಯಲ್ಲಿ, 43ನೇ ವಯಸ್ಸಿನಲ್ಲಿ ಅವರು ಮ್ಯಾಥ್ಯೂ ಎಬ್ಡೆನ್ ಜೊತೆ ಆಸ್ಟ್ರೇಲಿಯನ್ ಓಪನ್ ಪುರುಷರ ಡಬಲ್ಸ್ ಗೆದ್ದರು. ಮೊಣಕಾಲು ನೋವಿಗೆ ಅಯ್ಯಂಗಾರ್ ಯೋಗ ನೆರವಾಯಿತೆಂದು ಅವರೇ ಹೇಳಿದ್ದಾರೆ. ಮನಸ್ಸು ಎಷ್ಟೇ ಗಟ್ಟಿಯಿದ್ದರೂ ದೇಹದ ಆರೈಕೆ ತಪ್ಪಿದ್ದಲ್ಲ.

ಸರಿಯಾಗಿ ಮಾಡುವುದು ಹೇಗೆ?

1. ಮೊದಲು ಸರಿಯಾದ ಸರ್ವ್ ಕಲಿಯಿರಿ. ದೈಹಿಕ ಶಿಕ್ಷಕರಿಂದ ಅಥವಾ ಬಲ್ಲ ಹಿರಿಯ ಆಟಗಾರರಿಂದ ತಿದ್ದಿಸಿಕೊಳ್ಳಿ. ತಪ್ಪು ಹೊಡೆತವನ್ನು ಕಲ್ಪಿಸಿಕೊಂಡರೆ ತಪ್ಪೇ ಗಟ್ಟಿಯಾಗುತ್ತದೆ.

2. ಹಾಸಿಗೆಯಲ್ಲಿ ಮಲಗಿ ಮಾಡುವುದಕ್ಕಿಂತ ಅಂಗಳದಲ್ಲಿ, ಆಟದ ಬಟ್ಟೆಯಲ್ಲಿ, ಕೈಯಲ್ಲಿ ಚೆಂಡು ಅಥವಾ ರಾಕೆಟ್ ಹಿಡಿದು ನಿಂತು ಮಾಡಿ. ಹಾಕಿ ಆಟಗಾರರ ಮೇಲೆ ನಡೆದ ಪ್ರಯೋಗದಲ್ಲಿ ಹೀಗೆ ಮಾಡಿದವರೇ ಹೆಚ್ಚು ಸುಧಾರಿಸಿದರು.

3. ನೆಟ್‌ನ ಮೇಲೆ ಚೆಂಡು ದಾಟಬೇಕಾದ ಜಾಗ ಗುರುತಿಸಿ. ಟೆನಿಸ್ ನೆಟ್ ನಡುವೆ 91.4 ಸೆಂ.ಮೀ. ಎತ್ತರ ಇರುತ್ತದೆ. ವಾಲಿಬಾಲ್ ನೆಟ್ ಪುರುಷರಿಗೆ 2.43 ಮೀಟರ್, ಮಹಿಳೆಯರಿಗೆ 2.24 ಮೀಟರ್. ಅದರ ಮೇಲಿಂದ ಚೆಂಡು ಹೋಗಿ ನೀವು ಬಯಸಿದ ಮೂಲೆಯಲ್ಲಿ ಬೀಳುವುದನ್ನು ನೋಡಿ.

4. ನಿಮ್ಮದೇ ಕಣ್ಣಿನಿಂದ, ನಿಜವಾದ ವೇಗದಲ್ಲಿ ನೋಡಿ. ಚೆಂಡು ಕೈಗೆ ತಗುಲಿದ ಸ್ಪರ್ಶ, ಸದ್ದು ಕೂಡ ಇರಲಿ.

5. ‘ನೆಟ್‌ಗೆ ಹೊಡೆಯಬಾರದು’ ಎಂದುಕೊಳ್ಳಬೇಡಿ. ಚೆಂಡು ಗುರಿ ತಪ್ಪಿದಂತೆ ಕಲ್ಪಿಸಿಕೊಂಡವರ ಆಟ ಕೆಟ್ಟಿದ್ದು 1985ರ ಗಾಲ್ಫ್ ಪ್ರಯೋಗವೊಂದರಲ್ಲಿ ಕಂಡುಬಂದಿದೆ. ಚಿತ್ರ ತಪ್ಪಿದರೆ ನಿಲ್ಲಿಸಿ, ಸರಿಯಾದದ್ದನ್ನು ಮತ್ತೆ ಕಟ್ಟಿಕೊಳ್ಳಿ.

6. ಕೆಲವು ಸಲ ಕಲ್ಪಿಸಿಕೊಂಡು, ಕೂಡಲೇ ಅಷ್ಟೇ ಸಲ ನಿಜವಾಗಿ ಹೊಡೆಯಿರಿ. ಒಟ್ಟು 20 ನಿಮಿಷ ಮೀರುವುದು ಬೇಡ, ಮನಸ್ಸೂ ದಣಿಯುತ್ತದೆ.

7. ಪಂದ್ಯದಲ್ಲಿ ಒಂದೇ ಚಿತ್ರ ಸಾಕು. ವಾಲಿಬಾಲ್‌ನಲ್ಲಿ ಸೀಟಿ ಊದಿದ ಮೇಲೆ ಸಿಗುವುದು 8 ಸೆಕೆಂಡ್ ಮಾತ್ರ. ಟೆನಿಸ್‌ನಲ್ಲಿ ಪಾಯಿಂಟ್‌ಗಳ ನಡುವೆ 25 ಸೆಕೆಂಡ್ ಇರುತ್ತದೆ.

ಕೆಲವರಿಗೆ ಮನಸ್ಸಿನಲ್ಲಿ ಚಿತ್ರ ಮೂಡುವುದೇ ಇಲ್ಲ. ಅದು ರೋಗವಲ್ಲ, ದಡ್ಡತನವೂ ಅಲ್ಲ. ಅಂಥವರು ತಮ್ಮ ಒಳ್ಳೆಯ ಸರ್ವ್ ಅನ್ನು ಮೊಬೈಲ್‌ನಲ್ಲಿ ವಿಡಿಯೊ ಮಾಡಿಸಿಕೊಂಡು ನೋಡಿ, ಚೆಂಡಿಲ್ಲದೆ ಕೈ ಬೀಸಿ ಅಭ್ಯಾಸ ಮಾಡಬಹುದು.

ಭುಜ ನೋಯುತ್ತಿದ್ದರೆ ‘ನೋವಿಲ್ಲ’ ಎಂದು ಕಲ್ಪಿಸಿಕೊಂಡು ಆಡಬೇಡಿ. ವಿಶ್ರಾಂತಿ ಕೊಡಿ, ಕಡಿಮೆಯಾಗದಿದ್ದರೆ ವೈದ್ಯರಿಗೆ ತೋರಿಸಿ.

ಕೊನೆಯ ಮಾತು

ಕಲ್ಪನೆ ಅಭ್ಯಾಸಕ್ಕೆ ಜೊತೆಗಾರ, ಬದಲಿಯಲ್ಲ. ಇದಕ್ಕೆ ಯಾವ ಕೋರ್ಸೂ ಬೇಕಿಲ್ಲ, ‘ಮನಸ್ಸಿನ ಶಕ್ತಿ’ ಹೆಸರಿನ ಆ್ಯಪ್‌ಗೆ ದುಡ್ಡು ಕಟ್ಟುವುದೂ ಬೇಕಿಲ್ಲ. ‘ಅಭ್ಯಾಸ ಬೇಡ’ ಎನ್ನುವ ಸಂದೇಶ ನಿಮ್ಮ ಗುಂಪಿಗೆ ಬಂದರೆ ಮುಂದಕ್ಕೆ ಕಳಿಸುವ ಮುನ್ನ ಒಂದು ಸಾಲು ಸೇರಿಸಿ: ‘ಕಲ್ಪಿಸಿಕೊಳ್ಳಿ, ಆಮೇಲೆ ಎದ್ದು ಹೋಗಿ ಹೊಡೆಯಿರಿ.’