ಷೆವರ್ಲೆ 350ಕ್ಕೆ ಹೆಡ್ ಆರಿಸುವಾಗ: ಪೋರ್ಟ್ ಗಾತ್ರಕ್ಕೂ ಮೊದಲು ಕೇಳಬೇಕಾದ ಪ್ರಶ್ನೆಗಳು

ಅಮೆರಿಕದಲ್ಲಿ ಹಳೆಯ ಕಾರುಗಳ ಎಂಜಿನ್ನಿಗೆ ಬಲ ತುಂಬುವವರು ಹೊಸ ಸಿಲಿಂಡರ್ ಹೆಡ್ ಕೊಳ್ಳುವಾಗ ಮೊದಲು ವಿಚಾರಿಸುವುದು ಇನ್‌ಟೇಕ್ ಪೋರ್ಟಿನ ಗಾತ್ರವನ್ನು: 180 ಸಿ.ಸಿ.ಯೋ, 195ಓ, 210ಓ? ಎಷ್ಟೋ ತಯಾರಕರು ಹೆಡ್‌ಗೆ ಆ ಸಂಖ್ಯೆಯನ್ನೇ ಹೆಸರಾಗಿ ಇಟ್ಟಿರುತ್ತಾರೆ. ದಿನನಿತ್ಯ ರಸ್ತೆಗಿಳಿಯುವ ಕಾರಿನ ಮಟ್ಟಿಗೆ ಈ ಪ್ರಶ್ನೆ ಸಾಲಿನಲ್ಲಿ ಹಿಂದೆ ನಿಲ್ಲಬೇಕು ಎಂಬುದು ಈ ಟಿಪ್ಪಣಿಯ ವಾದ. ಪರಿಶೀಲನೆಗೆ ಆರಿಸಿಕೊಂಡಿರುವುದು 1967ರ ಕಮಾರೋದಲ್ಲಿ ಮೊದಲು ಕಾಣಿಸಿಕೊಂಡ 350 ಘನ ಇಂಚಿನ, ಎಂದರೆ 5.7 ಲೀಟರಿನ ವಿ-8.

ಮೊದಲ ಪ್ರಶ್ನೆ ದಹನಕೋಣೆಯದು. ಈ ಎಂಜಿನ್ನಿನ ಬೋರ್ 4 ಇಂಚು, ಸ್ಟ್ರೋಕ್ 3.48 ಇಂಚು, ಒಂದು ಸಿಲಿಂಡರಿನ ಪಾಲು ಸುಮಾರು 717 ಸಿ.ಸಿ. 1970ರ ದಶಕದ ಅನೇಕ ಹೆಡ್‌ಗಳಲ್ಲಿ ಕೋಣೆ 76 ಸಿ.ಸಿ. ಇರುತ್ತಿತ್ತು. ಚಪ್ಪಟೆ ಪಿಸ್ಟನ್, ಅದರಲ್ಲಿ ವಾಲ್ವಿಗೆಂದು ಕೊರೆದ ಗುಳಿ 5 ಸಿ.ಸಿ., ಪಿಸ್ಟನ್ ಬ್ಲಾಕಿನ ಅಂಚಿಗಿಂತ 0.025 ಇಂಚು ಕೆಳಗೆ ನಿಲ್ಲುತ್ತದೆ, ಗ್ಯಾಸ್ಕೆಟ್ಟಿನ ದಪ್ಪ 0.039 ಇಂಚು ಎಂದಿಟ್ಟುಕೊಂಡರೆ ಕಂಪ್ರೆಷನ್ ಅನುಪಾತ 8.6ರ ಆಸುಪಾಸಿಗೆ ಬರುತ್ತದೆ. ಅದರ ಮೇಲೆಯೇ 64 ಸಿ.ಸಿ.ಯ ಹೆಡ್ ಕೂರಿಸಿದರೆ 9.7. ಪೋರ್ಟ್ ಹೇಗೇ ಇರಲಿ, ಈ ಏರಿಕೆಯ ಫಲ ಆಕ್ಸಿಲರೇಟರ್ ಅರ್ಧ ಒತ್ತಿದಾಗಲೂ ಸಿಗುತ್ತದೆ. ಆದರೆ ಒಳಗಿರುವುದು ಉಬ್ಬುತಲೆಯ ಪಿಸ್ಟನ್ ಆಗಿದ್ದರೆ ಇದೇ ಹೆಡ್ ನಾಕಿಂಗ್‌ಗೆ ಆಹ್ವಾನ. ಆದ್ದರಿಂದ ಪಿಸ್ಟನ್ ಯಾವುದೆಂದು ತಿಳಿಯದೆ ಹೆಡ್ ಕೊಳ್ಳುವುದು ವ್ಯರ್ಥ.

ಕ್ಯಾಟಲಾಗಿನ 64ನ್ನೂ ಕಣ್ಣುಮುಚ್ಚಿ ನಂಬಬೇಕಿಲ್ಲ. ಹೆಡ್ಡನ್ನು ಮಗುಚಿ, ವಾಲ್ವ್ ಮುಚ್ಚಿ, ಸ್ಪಾರ್ಕ್ ಪ್ಲಗ್ ಬಿಗಿದು, ಕೋಣೆಯ ಸುತ್ತ ತೆಳುವಾಗಿ ಗ್ರೀಸ್ ಹಚ್ಚಬೇಕು. ಅದರ ಮೇಲೆ ಸಣ್ಣ ತೂತಿರುವ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಒತ್ತಿ, ಬ್ಯೂರೆಟ್ಟಿನಿಂದ ಬಣ್ಣದ ದ್ರವ ಬಿಡಬೇಕು. ಕೊನೆಯ ಗಾಳಿಗುಳ್ಳೆ ತೂತಿನಿಂದ ಹೊರಬಿದ್ದಾಗ ಬ್ಯೂರೆಟ್ ತೋರಿಸುವುದೇ ನಿಜವಾದ ಗಾತ್ರ.

ಇನ್ನು ಪೋರ್ಟ್. ಸಿ.ಸಿ. ಎಂದರೆ ಉದ್ದ ಮತ್ತು ಅಡ್ಡಕೊಯ್ತದ ಗುಣಲಬ್ಧ. 195 ಸಿ.ಸಿ.ಯ ಪೋರ್ಟ್ 13.5 ಸೆಂ.ಮೀ. ಉದ್ದವಿದ್ದರೆ ಸರಾಸರಿ ಅಡ್ಡಕೊಯ್ತ 14.4 ಚದರ ಸೆಂ.ಮೀ.; 14.5 ಸೆಂ.ಮೀ. ಇದ್ದರೆ 13.4. ಸಂಖ್ಯೆ ಒಂದೇ ಆದರೂ ಗಾಳಿಯ ವೇಗ ಬೇರೆ. ಅಗತ್ಯಕ್ಕಿಂತ ಅಗಲವಾದ ಪೋರ್ಟಿನಲ್ಲಿ ಕಡಿಮೆ ಆರ್‌ಪಿಎಂನಲ್ಲಿ ಗಾಳಿ ನಿಧಾನವಾಗುತ್ತದೆ. ಕಾರ್ಬ್ಯುರೇಟರ್ ಎಂಜಿನ್ನಿನಲ್ಲಿ ಪೆಟ್ರೋಲಿನ ಹನಿಗಳು ಗೋಡೆಗೆ ಅಂಟಿಕೊಳ್ಳುತ್ತವೆ. ಸಿಗ್ನಲ್ಲಿನಲ್ಲಿ ನಿಂತು ಹೊರಡುವ ಕಾರಿಗೆ ಇದು ತಕ್ಕುದಲ್ಲ.

ಹೆಡ್ಡಿನ ಗಾಳಿಹರಿವನ್ನು ಅಳೆಯುವ ಫ್ಲೋ ಬೆಂಚಿನ ಅಂಕಿಗಳನ್ನು ಓದುವುದಕ್ಕೂ ಎಚ್ಚರ ಬೇಕು. ಹರಿವು ಒತ್ತಡದ ವರ್ಗಮೂಲವನ್ನು ಹಿಂಬಾಲಿಸುವುದರಿಂದ, 28 ಇಂಚು ನೀರಿನ ಒತ್ತಡದಲ್ಲಿ ಅಳೆದದ್ದು 10 ಇಂಚಿನಲ್ಲಿ ಅಳೆದದ್ದಕ್ಕಿಂತ ಸುಮಾರು 1.67 ಪಟ್ಟು ಹೆಚ್ಚು ಬರುತ್ತದೆ. ಪರೀಕ್ಷೆಗೆ ಬಳಸಿದ ಬೋರ್ 4 ಇಂಚಿಗಿಂತ ದೊಡ್ಡದಾಗಿದ್ದರೆ ವಾಲ್ವಿನ ಪಕ್ಕದ ಗೋಡೆ ದೂರ ಸರಿದು ಅಂಕಿ ಇನ್ನಷ್ಟು ಚೆಂದವಾಗುತ್ತದೆ. ಕ್ಯಾಮ್‌ಶಾಫ್ಟ್ ವಾಲ್ವನ್ನು 0.450 ಇಂಚು ಮಾತ್ರ ಎತ್ತುವಾಗ 0.600ರ ಹರಿವು ಜಾಹೀರಾತಿಗಷ್ಟೇ ಉಪಯುಕ್ತ.

ಈ ದೃಷ್ಟಿಯಿಂದ 1996ರಲ್ಲಿ ಟ್ರಕ್ಕುಗಳಿಗೆ ಬಂದ ವೋರ್ಟೆಕ್ ಹೆಡ್ ಗಮನಾರ್ಹ. ಎರಕದ ಕಬ್ಬಿಣ, 64 ಸಿ.ಸಿ. ಕೋಣೆ, 170 ಸಿ.ಸಿ. ಆಸುಪಾಸಿನ ಪೋರ್ಟ್, 1.94 ಇಂಚಿನ ಇನ್‌ಟೇಕ್ ವಾಲ್ವ್. ಕಾಗದದ ಮೇಲೆ ಸಾಧಾರಣ, ರಸ್ತೆಯಲ್ಲಿ ಹಾಗಲ್ಲ. ತೊಡಕು ಬೇರೆಡೆ ಇದೆ: ಇನ್‌ಟೇಕ್ ಮ್ಯಾನಿಫೋಲ್ಡಿಗೆ ಅದರದೇ 8 ಬೋಲ್ಟಿನ ಜೋಡಣೆ ಇರುವುದರಿಂದ ಹಳೆಯ 12 ಬೋಲ್ಟಿನದು ಕೂರುವುದಿಲ್ಲ. ಮೂಲ ಸ್ಪ್ರಿಂಗ್‌ಗಳೊಂದಿಗೆ ವಾಲ್ವಿನ ಲಿಫ್ಟ್ 0.47 ಇಂಚಿನ ಸುತ್ತಮುತ್ತಲೇ ನಿಲ್ಲಬೇಕು. ಈ ಖರ್ಚುಗಳನ್ನು ಸೇರಿಸಿದ ಮೇಲೆಯೇ ಅಲ್ಯೂಮಿನಿಯಂ ಹೆಡ್ಡಿನ ಬೆಲೆಯೊಂದಿಗೆ ಹೋಲಿಸುವುದು ನ್ಯಾಯ.

ಯಾವುದನ್ನೇ ಆರಿಸಿದರೂ ಪಿಸ್ಟನ್ ತಲೆಯ ಮೇಲೆ ಜೇಡಿಯ ತುಣುಕಿಟ್ಟು, ಹೆಡ್ ಬಿಗಿದು, ಎಂಜಿನ್ನನ್ನು ಕೈಯಿಂದಲೇ ಎರಡು ಸುತ್ತು ತಿರುಗಿಸಿ, ಅಚ್ಚನ್ನು ಕೊಯ್ದು ಅಳೆಯಬೇಕು. ವಾಲ್ವಿಗೂ ಪಿಸ್ಟನ್ನಿಗೂ ನಡುವೆ ಇನ್‌ಟೇಕ್ ಕಡೆ 0.080, ಎಕ್ಸಾಸ್ಟ್ ಕಡೆ 0.100 ಇಂಚು ಅಂತರ ಕನಿಷ್ಠವೆಂದು ಸಾಮಾನ್ಯವಾಗಿ ಒಪ್ಪಲಾಗಿದೆ.