ಹಿರಿಯ ಕಾರ್ಮಿಕರ ಔದ್ಯೋಗಿಕ ಗಾಯಗಳು (ಹಳೆಯ ಬೆಂಗಳೂರು)

ಇಳಿವಯಸ್ಸಿನ ದುಡಿಮೆಗಾರರಿಗೆ ಕೆಲಸದ ವೇಳೆ ಆಗುವ ಪೆಟ್ಟು, ಮುರಿತ ಮತ್ತು ವರ್ಷಗಟ್ಟಲೆ ದುಡಿದು ಬರುವ ಅಂಗವೈಕಲ್ಯ. ಕಿರಿಯರು ಹೆಚ್ಚು ಸಲ ಗಾಯಗೊಳ್ಳುತ್ತಾರೆ. ಹಿರಿಯರಿಗೆ ಬಿದ್ದ ಪೆಟ್ಟು ಹೆಚ್ಚು ಗಂಭೀರ, ಚೇತರಿಕೆ ನಿಧಾನ. ಮೂಳೆಸವೆತ, ಮಂದ ದೃಷ್ಟಿ, ತಪ್ಪುವ ಸಮತೋಲನ ಇದಕ್ಕೆ ಕಾರಣ.

ಕೆಲಸದ ನೆಲೆಗಳು: ಮಲ್ಲೇಶ್ವರದಲ್ಲಿ ಇಂದು ಮಂತ್ರಿ ಮಾಲ್ ಇರುವ ಜಾಗದಲ್ಲಿ ಹಿಂದೆ ರಾಜಾ ಮಿಲ್ ಇತ್ತು. ಇಂಥ ಹತ್ತಿ ಗಿರಣಿಗಳ ದೂಳು ಶ್ವಾಸಕೋಶವನ್ನೂ ಮಗ್ಗಗಳ ಸದ್ದು ಕಿವಿಯನ್ನೂ ಹಾಳುಮಾಡುತ್ತದೆ; ಪರಿಣಾಮ ಮುಪ್ಪಿನಲ್ಲಿ ಎದ್ದು ಕಾಣುತ್ತದೆ. ಚಾಮರಾಜಪೇಟೆಗೆ ಹೊಂದಿಕೊಂಡ ಕೆ.ಆರ್. ಮಾರುಕಟ್ಟೆ, ಕಲಾಸಿಪಾಳ್ಯಗಳಲ್ಲಿ ಹಮಾಲರು ಲಾರಿಯಿಂದ ಮೂಟೆಯನ್ನು ಬೆನ್ನಿಗೆ ಇಳಿಸಿಕೊಂಡು, ಕತ್ತು ಬಗ್ಗಿಸಿ ನಡೆಯುತ್ತಾರೆ. ಕಾಲ ಕೆಳಗಿನ ಕೊಳೆತ ಸೊಪ್ಪು ಅವರಿಗೆ ಕಾಣುವುದೇ ಇಲ್ಲ. ಜಾರಿದರೆ ಸೊಂಟ ಅಥವಾ ಮಣಿಕಟ್ಟು ಮುರಿಯುತ್ತದೆ. ವಯಸ್ಕ ಪುರುಷ ಹೊರುವ ಭಾರಕ್ಕೆ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 1967ರಲ್ಲಿ ಸೂಚಿಸಿದ ಗರಿಷ್ಠ ಮಿತಿ 55 ಕಿಲೋ.

ಪರಿಹಾರ: 1923ರ ನೌಕರರ ಪರಿಹಾರ ಕಾಯ್ದೆಯು ಪರಿಹಾರದ ಮೊತ್ತವನ್ನು ವಯಸ್ಸಿನ ಗುಣಕಕ್ಕೆ ಕಟ್ಟಿತು: 30ನೇ ವಯಸ್ಸಿಗೆ 207.98, 65 ದಾಟಿದವರಿಗೆ 99.37. ಹೀಗೆ ಒಂದೇ ಕೂಲಿ, ಒಂದೇ ಗಾಯಕ್ಕೆ ಹಿರಿಯರಿಗೆ ಸಿಗುವುದು ಅರ್ಧಕ್ಕಿಂತ ಕಡಿಮೆ. ಇ.ಎಸ್.ಐ. ವಿಮೆಯ ಶಾಶ್ವತ ಅಂಗವಿಕಲತೆ ಭತ್ಯೆ ಜೀವನಪರ್ಯಂತ ಬರುತ್ತದೆ. ಆದರೆ ದಿನಗೂಲಿಯ ಹಮಾಲರು ಸಾಮಾನ್ಯವಾಗಿ ಅದರ ಹೊರಗಿದ್ದಾರೆ. ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ಫಲಾನುಭವಿಯಾಗಿ ನೋಂದಾಯಿಸಿಕೊಳ್ಳಲು 18ರಿಂದ 60ರ ವಯೋಮಿತಿ ಇದೆ. ಅರವತ್ತರ ನಂತರವೂ ದುಡಿಯಲೇಬೇಕಾದವರಿಗೆ ರಕ್ಷಣೆ ತೆಳುವಾಗಿರುವುದು ಈ ವ್ಯವಸ್ಥೆಯ ದೊಡ್ಡ ಕೊರತೆ.

ತಡೆ: ಹಗುರ ಮೂಟೆ, ತಳ್ಳುಗಾಡಿ, ಒಣ ನೆಲ, ಸಾಕಷ್ಟು ಬೆಳಕು, ನಡುವೆ ವಿಶ್ರಾಂತಿ.