ಹಗಲಿಲ್ಲದ ಲಾಸ್ ಏಂಜಲೀಸ್

ಸಾಂಟಾ ಮೋನಿಕಾದಲ್ಲೊಂದು ಪಾಳುಬಿದ್ದ ಹೋಟೆಲ್. ಹೆಸರು ಓಷನ್ ಹೌಸ್. ಒಳಗೆ ಕಾಲಿಟ್ಟವನ ಕೈಯಲ್ಲಿ ಆಯುಧವಿದ್ದರೂ ಹೊಡೆಯಲು ಯಾರೂ ಸಿಗುವುದಿಲ್ಲ. ಬಲ್ಬುಗಳು ಸಿಡಿಯುತ್ತವೆ, ಹೂದಾನಿ ತಾನಾಗಿ ಹಾರಿಬಂದು ಬಡಿಯುತ್ತದೆ, ಕಾಲಡಿಯ ನೆಲವೇ ಕುಸಿಯುತ್ತದೆ. ಒಬ್ಬ ತಂದೆ ತನ್ನ ಸಂಸಾರವನ್ನು ಇಲ್ಲೇ ಕೊಂದನೆಂಬುದು ಹಳೆಯ ಪತ್ರಿಕೆಯ ತುಣುಕುಗಳಿಂದ ಸ್ವಲ್ಪಸ್ವಲ್ಪವಾಗಿ ಗೊತ್ತಾಗುತ್ತದೆ. ವಿಶೇಷವೆಂದರೆ, ಇಲ್ಲಿ ಹೆದರಿ ನಡೆಯುತ್ತಿರುವ ನಾಯಕ ಮನುಷ್ಯನಲ್ಲ. ರಕ್ತ ಕುಡಿದು ಬದುಕುವ ವ್ಯಾಂಪೈರ್. ಬೇರೆಯವರನ್ನು ಹೆದರಿಸಬೇಕಾದವನನ್ನೇ ಹೆದರಿಸಿಬಿಡುವ ಈ ಹೋಟೆಲ್, ವಿಡಿಯೋ ಗೇಮುಗಳ ಚರಿತ್ರೆಯಲ್ಲಿ ಭಯವನ್ನು ಅತ್ಯುತ್ತಮವಾಗಿ ಕಟ್ಟಿದ ಜಾಗಗಳಲ್ಲೊಂದು.

ಆಟದ ಹೆಸರು 'ವ್ಯಾಂಪೈರ್: ದಿ ಮಾಸ್ಕರೇಡ್ – ಬ್ಲಡ್‌ಲೈನ್ಸ್'. ಕ್ಯಾಲಿಫೋರ್ನಿಯಾದ ಅರ್ವೈನ್‌ನಲ್ಲಿದ್ದ ಟ್ರಾಯ್ಕಾ ಗೇಮ್ಸ್ ಅದನ್ನು ತಯಾರಿಸಿತು. 'ಫಾಲ್‌ಔಟ್' ಆಟದ ಹಿಂದಿದ್ದ ಟಿಮ್ ಕೇನ್, ಲಿಯೊನಾರ್ಡ್ ಬೊಯಾರ್ಸ್ಕಿ, ಜೇಸನ್ ಆಂಡರ್ಸನ್ ಎಂಬ ಮೂವರು ಇಂಟರ್‌ಪ್ಲೇ ಕಂಪನಿ ಬಿಟ್ಟುಬಂದು 1998ರಲ್ಲಿ ಕಟ್ಟಿದ ಸಂಸ್ಥೆ ಅದು. 2001ರಲ್ಲಿ 'ಆರ್ಕೇನಮ್', 2003ರಲ್ಲಿ 'ದಿ ಟೆಂಪಲ್ ಆಫ್ ಎಲಿಮೆಂಟಲ್ ಈವಿಲ್' ಬಂದವು. ಎರಡಕ್ಕೂ ಒಂದೇ ಬಗೆಯ ಮಾತು ಕೇಳಿಬಂತು: ಕಲ್ಪನೆ ಚೆನ್ನಾಗಿದೆ, ದೋಷ ಹೆಚ್ಚಿದೆ.

ಬ್ಲಡ್‌ಲೈನ್ಸ್‌ನ ಲೋಕ ಮಾತ್ರ ಟ್ರಾಯ್ಕಾದವರದಲ್ಲ. ವೈಟ್ ವುಲ್ಫ್ ಸಂಸ್ಥೆ 1991ರಲ್ಲಿ ಹೊರತಂದಿದ್ದ, ಗೆಳೆಯರು ಮೇಜಿನ ಸುತ್ತ ಕೂತು ಪಾತ್ರ ವಹಿಸಿ ಆಡುವ ಆಟದಿಂದ ಅದು ಬಂದದ್ದು. ಅಲ್ಲಿ ವ್ಯಾಂಪೈರುಗಳಿಗೆ ಕುಲಗಳಿವೆ, ರಾಜಕೀಯವಿದೆ, ಎಲ್ಲಕ್ಕಿಂತ ಮೇಲೆ ಒಂದು ಕಟ್ಟಳೆಯಿದೆ: ತಾವು ಇದ್ದೇವೆಂಬುದು ಮನುಷ್ಯರಿಗೆ ತಿಳಿಯಕೂಡದು. ಈ ಕಟ್ಟಳೆಯನ್ನು ಟ್ರಾಯ್ಕಾ ಪುಸ್ತಕದಿಂದ ಬೀದಿಗೆ ಇಳಿಸಿತು. ನೋಸ್ಫೆರಾಟು ಕುಲದವರ ರೂಪ ಎಷ್ಟು ವಿಕಾರವೆಂದರೆ ಜನರ ಕಣ್ಣಿಗೆ ಬಿದ್ದರೇ ಅಪರಾಧ. ಆ ಕುಲವನ್ನು ಆರಿಸಿಕೊಂಡವರು ಊರನ್ನು ಚರಂಡಿಗಳ ಮೂಲಕವೇ ಸುತ್ತಬೇಕು. ಮಲ್ಕೇವಿಯನ್ ಕುಲದವರ ಬುದ್ಧಿ ಸ್ಥಿಮಿತದಲ್ಲಿಲ್ಲ. ಅವರಿಗಾಗಿ ಆಟದುದ್ದಕ್ಕೂ ಬೇರೆಯೇ ಮಾತುಗಳನ್ನು ಬರೆಯಲಾಯಿತು. ಟಿವಿಯ ವಾರ್ತಾವಾಚಕ ನೇರವಾಗಿ ಅವರೊಡನೆ ಮಾತಿಗಿಳಿಯುತ್ತಾನೆ. ರಸ್ತೆ ಬದಿಯ ಸ್ಟಾಪ್ ಫಲಕದ ಜೊತೆ ಅವರು ಜಗಳಕ್ಕೆ ನಿಲ್ಲುತ್ತಾರೆ. ಆ ಮಾತುಗಳನ್ನು ನಗೆಹನಿ ಎಂದುಕೊಂಡು ದಾಟಿಬಿಡುವಂತಿಲ್ಲ. ಮುಂದೆ ನಡೆಯುವ ಸಂಗತಿಗಳ ಸುಳಿವು ಅವುಗಳಲ್ಲೇ ಇರುತ್ತದೆ, ಎರಡನೇ ಸಲ ಆಡುವವರಿಗೆ ಅದು ಹೊಳೆಯುತ್ತದೆ. ಬ್ರಯಾನ್ ಮಿಟ್ಸೋಡ ಮತ್ತು ಸಂಗಡಿಗರ ಈ ಬರವಣಿಗೆಗೆ ಸಾಟಿಯಾಗುವಂಥದ್ದು ಆ ಕಾಲದ ಆಟಗಳಲ್ಲಿ ತೀರ ಕಡಿಮೆ.

ಇಷ್ಟೊಂದು ಮಾತಿಗೆ ಮುಖ ಬೇಕಿತ್ತು. ವಾಲ್ವ್ ಸಂಸ್ಥೆ 'ಹಾಫ್-ಲೈಫ್ 2'ಗಾಗಿ ತಯಾರಿಸುತ್ತಿದ್ದ ಸೋರ್ಸ್ ಎಂಜಿನ್ ಎಂಬ ತಂತ್ರಾಂಶ ಆಗ ಪಾತ್ರಗಳ ಕಣ್ಣು, ಹುಬ್ಬು, ತುಟಿಗಳಿಗೆ ಜೀವ ತುಂಬಬಲ್ಲದಾಗಿತ್ತು. ಹೊರಗಿನವರಲ್ಲಿ ಅದನ್ನು ಮೊದಲು ನೆಚ್ಚಿದ್ದು ಟ್ರಾಯ್ಕಾ. ಜೆನೆಟ್ ಮತ್ತು ತೆರೀಸ್ ಎಂಬ ಅಕ್ಕತಂಗಿಯರು ಎದುರು ನಿಂತು ಮಾತಾಡುವಾಗ ಈ ಆಯ್ಕೆ ಎಷ್ಟು ಸರಿಯೆಂದು ಕಾಣುತ್ತದೆ. ಆದರೆ ಎಂಜಿನ್ ಇನ್ನೂ ಪೂರ್ತಿಯಾಗಿರಲಿಲ್ಲ. ವಾಲ್ವ್ ಅದನ್ನು ಬದಲಿಸುತ್ತ ಹೋದಂತೆ ಟ್ರಾಯ್ಕಾದವರೂ ಹಿಂದೆಯೇ ಓಡಬೇಕಾಯಿತು. ಇನ್ನೊಂದು ಷರತ್ತೂ ಇತ್ತು: ಹಾಫ್-ಲೈಫ್ 2 ಹೊರಬರುವ ಮೊದಲು ಬ್ಲಡ್‌ಲೈನ್ಸ್ ಹೊರಬರುವಂತಿಲ್ಲ. ಆ ಆಟವೋ, 2003ರ ಸೆಪ್ಟೆಂಬರ್‌ಗೆ ನಿಗದಿಯಾಗಿದ್ದುದು ಒಂದು ವರ್ಷಕ್ಕಿಂತ ಹೆಚ್ಚು ತಡವಾಯಿತು. ನಡುವೆ ಅದರ ಸೋರ್ಸ್ ಕೋಡ್ ಕಳುವಾಗಿ ಇಂಟರ್ನೆಟ್ಟಿನಲ್ಲಿ ಹರಿದಾಡಿತು.

ಕೊನೆಗೆ ಪ್ರಕಾಶಕ ಸಂಸ್ಥೆ ಆಕ್ಟಿವಿಷನ್ ಆರಿಸಿದ ದಿನ 2004ರ ನವೆಂಬರ್ 16. ಹಾಫ್-ಲೈಫ್ 2 ಬಂದದ್ದೂ ಅದೇ ದಿನ. ವಾರದ ಹಿಂದೆ 'ಹೇಲೋ 2', ವಾರದ ನಂತರ 'ವರ್ಲ್ಡ್ ಆಫ್ ವಾರ್‌ಕ್ರಾಫ್ಟ್'. ಇವುಗಳ ನಡುವೆ, ಅರೆಬೆಂದ ಸ್ಥಿತಿಯಲ್ಲೇ ಅಂಗಡಿಗೆ ಬಂದ ಆಟವನ್ನು ಕೊಳ್ಳುವವರು ಯಾರು? ಒಂದು ಹಂತದ ಕೊನೆಗೆ ಬಂದರೆ ಆಟವೇ ನಿಂತುಹೋಗುತ್ತಿತ್ತು; ಮುಂದಕ್ಕೆ ದಾರಿಯೇ ಇರಲಿಲ್ಲ. ವಿಮರ್ಶಕರು ಬರವಣಿಗೆಯನ್ನು ಹೊಗಳಿದರು, ದೋಷಗಳನ್ನು ತೆಗಳಿದರು. ಎರಡೂ ನ್ಯಾಯವಾಗಿಯೇ ಇತ್ತು. ಡಿಸೆಂಬರ್‌ನಲ್ಲಿ ದೋಷಗಳನ್ನು ತಿದ್ದುವ ಒಂದು ಪ್ಯಾಚ್ ಬಂತು. 2005ರ ಫೆಬ್ರವರಿಯಲ್ಲಿ ಟ್ರಾಯ್ಕಾ ಬಾಗಿಲು ಹಾಕಿತು.

ಅಲ್ಲಿಗೆ ಮುಗಿಯಬೇಕಿದ್ದ ಕಥೆಯನ್ನು ಮುಂದುವರಿಸಿದ್ದು ಆಡುವವರು. ಒಬ್ಬ ಅಭಿಮಾನಿ ಶುರುಮಾಡಿದ ಅನಧಿಕೃತ ಪ್ಯಾಚ್ ಜರ್ಮನಿಯ ಒಬ್ಬ ರಸಾಯನಶಾಸ್ತ್ರಜ್ಞನ ಕೈಗೆ ಬಂತು. ಬಿಡುವಿನ ವೇಳೆಯಲ್ಲಿ ಆತ ಅದನ್ನು ತಿದ್ದುತ್ತ ಬಂದು ಒಂದೂವರೆ ದಶಕವೇ ದಾಟಿತು. ಪ್ಯಾಚಿನಲ್ಲಿ ಎರಡು ಬಗೆ: ಒಂದು ತಪ್ಪುಗಳನ್ನಷ್ಟೇ ಸರಿಪಡಿಸುತ್ತದೆ; 'ಪ್ಲಸ್' ಎಂಬ ಇನ್ನೊಂದು, ಆಟದ ಫೈಲುಗಳಲ್ಲೇ ಬಳಸದೆ ಉಳಿದುಹೋಗಿದ್ದ ತುಣುಕುಗಳನ್ನು ಮತ್ತೆ ಜೋಡಿಸುತ್ತದೆ. ತಯಾರಕರೇ ಕೈಬಿಟ್ಟಿದ್ದನ್ನು ಸೇರಿಸಬಹುದೇ ಎಂಬ ವಾದ ಅಭಿಮಾನಿಗಳಲ್ಲಿ ಇಂದಿಗೂ ಇದೆ. ಮೊದಲ ಸಲ ಆಡುವವರಿಗೆ ತಿದ್ದುಪಡಿಯಷ್ಟೇ ಇರುವ ಬಗೆಯೇ ಒಳ್ಳೆಯದು. ಟ್ರಾಯ್ಕಾ ಕಂಡ ನಗರ ಅದರಲ್ಲಿ ಹಾಗೆಯೇ ಇದೆ.

ಮುಂದಿನ ಭಾಗವೂ ಸುಲಭವಾಗಿ ಹುಟ್ಟಲಿಲ್ಲ. ವೈಟ್ ವುಲ್ಫ್ ಅನ್ನು 2015ರಲ್ಲಿ ಕೊಂಡ ಪ್ಯಾರಡಾಕ್ಸ್ ಸಂಸ್ಥೆ 2019ರಲ್ಲಿ ಅದನ್ನು ಘೋಷಿಸಿತು. ಮಿಟ್ಸೋಡ ಮರಳಿ ಬಂದರು, ಮರುವರ್ಷವೇ ಅವರನ್ನು ತೆಗೆದುಹಾಕಲಾಯಿತು. 2021ರಲ್ಲಿ ತಯಾರಕ ಸಂಸ್ಥೆಯೂ ಬದಲಾಯಿತು. ದಿ ಚೈನೀಸ್ ರೂಮ್ ಸಂಸ್ಥೆ ಮುಗಿಸಿಕೊಟ್ಟ ಎರಡನೇ ಬ್ಲಡ್‌ಲೈನ್ಸ್ 2025ರ ಅಕ್ಟೋಬರ್‌ನಲ್ಲಿ ಬಂತು. ಅದರ ಕಥೆ ನಡೆಯುವುದು ಸಿಯಾಟಲ್‌ನಲ್ಲಿ.